ಸೈಪ್ರಸ್ ಲಿಪಿಯ ತಾಟು

ಬೆಳಗಾವಿಯ ನೆಹರು ನಗರದ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವ ಯಂತ್ರ ಕಿರ್ರೆಂದರೆ ನಾನು ಈಗಲೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ನೀವು ನಗಬಹುದು. ಆದರೆ ನಾನು ಕಂಡದ್ದನ್ನು ನೀವು ಕಂಡಿಲ್ಲ. ಕಂಡಷ್ಟನ್ನೇ ಹೇಳುತ್ತೇನೆ.

ಶಿವಬಸವ ನಗರದ ನಮ್ಮ ಸೋದರಮಾವ ಇತಿಹಾಸದ ಮಾಸ್ತರರು. ಅವರಿಗೊಂದು ಹುಚ್ಚು: ಸೈಪ್ರಸ್ ದ್ವೀಪದ ಹಳೆಯ ಶಾಸನಗಳು. ಭಾಷೆ ಗ್ರೀಕ್, ಲಿಪಿ ಮಾತ್ರ ಕ, ಕಿ, ಕು ಎಂದು ಒಂದೊಂದು ಉಚ್ಚಾರಕ್ಕೆ ಒಂದೊಂದು ಗುರುತು, ಹೆಚ್ಚಾಗಿ ಬಲದಿಂದ ಎಡಕ್ಕೆ. ಅಲ್ಲಿಯ ಬಟ್ಟಲುಗಳು ತಾವೇ ಮಾತಾಡುತ್ತವೆ, ‘ನಾನು ಇಂಥವರದು’ ಎಂದು. ಮಾವ ಅದನ್ನು ನನಗೂ ಕಲಿಸಿದ್ದರು. ಅವರ ಮನೆಯಲ್ಲಿ ಚಹಾದ ಜೊತೆ ಅದು ಕಡ್ಡಾಯ.

ಮಾವನ ಮಗಳು ಸವಿತಾಳಿಗೆ ಖಾನಾಪುರದ ಮರಾಠಿ ಮನೆಯ ನಿತಿನ ವರನಾಗಿ ಗೊತ್ತಾದ. ಎಲ್ಲ ಕೂಡಿಬಂದು, ಉಡುಗೊರೆಯ ಹಿತ್ತಾಳೆ ತಾಟಿನ ಮೇಲೆ ಹೆಸರು ಯಾವ ಲಿಪಿಯಲ್ಲಿ ಎಂಬಲ್ಲಿ ನಿಂತಿತು. ನಮ್ಮವರು ಕನ್ನಡ ಎಂದರು. ನಿತಿನನ ಅಜ್ಜಿ ಮಾಲತಿ ಆಜಿ ಮರಾಠಿ ಎಂದರು. ಮದುವೆ ಮುರಿಯುವ ಹಂತಕ್ಕೆ ಬಂತು. ಸವಿತಾ ಊಟ ಬಿಟ್ಟಳು.

“ಎರಡೂ ಬ್ಯಾಡ್ರಿ, ಸೈಪ್ರಸ್ ಲಿಪಿ ಹಾಕಸೂಣು,” ಎಂದರು ಮಾವ. ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಓದಲು ಬಾರದ್ದರಿಂದ ಯಾರಿಗೂ ಸೋಲಾಗಲಿಲ್ಲ.

ಮದುವೆಯ ದಿನ ಆಜಿ ಕನ್ನಡಕ ಏರಿಸಿ ತಾಟನ್ನು ಕೈಗೆತ್ತಿಕೊಂಡರು. “ಏನ್ ಬರದೀರಿ ಮಾಸ್ತರ?”

“ನಾನು ಸವಿತಾನ ತಾಟು ಅಂತ ಐತ್ರಿ.”

“ನಮ್ಮ ನಿತ್ಯಾ ಎಲ್ಲಿ?” ಆಜಿಯ ಬಾಯಲ್ಲಿ ನಿತಿನ ಯಾವಾಗಲೂ ನಿತ್ಯಾ.

ಮಾವ ತಾಟಿನ ಮೇಲೆ ಬೆರಳಾಡಿಸಿದರು. “ಬಲಗಡಿಂದ ಓದಿದ್ರ ಸವಿತಾ, ಎಡಗಡಿಂದ ಓದಿದ್ರ ನಿತಿನ. ಅದರ ಮಜಾನ ಅದ ನೋಡ್ರಿ.”

“ಖರೇನೋ ತಮ್ಮಾ?” ಆಜಿ ನನ್ನತ್ತ ತಿರುಗಿದರು. ನಾನು ಇಡೀ ಲಾಡನ್ನು ಬಾಯಿಗೆ ತುರುಕಿಕೊಂಡೆ.

“ಹಂಗಾರ ನನಗೂ ಕಲಸ್ರಿ.”

ಮಾವ ಧಾರಾಳವಾಗಿ ಗುರುತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಈ ವಯಸ್ಸಿನಲ್ಲಿ ಯಾರು ಕಲಿಯುತ್ತಾರೆ ಎಂಬ ಧೈರ್ಯ.

ದೀಪಾವಳಿಗೆ ಖಾನಾಪುರಕ್ಕೆ ಹೋದಾಗ ಆಜಿ ಆ ತಾಟನ್ನು ಮಾವನ ಮುಂದಿಟ್ಟರು. “ಕುಂದರ್ರಿ. ಎಡಗಡಿಂದ ಓದಿ ತೋರಸ್ರಿ. ನಾ ತಿಪ್ಪರಲಾಗ ಹಾಕಿದೆ, ನಿತ್ಯಾ ಸಿಗಲೇ ಇಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಸವಿತಾ ನಿಂತಿದ್ದಳು. ಈ ಮನೆಯಲ್ಲಿ ಬಾಳಬೇಕಾದವಳು ಅವಳು. ಸೌಟು ಹಿಡಿದುಕೊಂಡೇ ಅಪ್ಪನ ಮುಖ ನೋಡುತ್ತಿದ್ದಳು.

“ತಪ್ಪಾತ್ರಿ ಆಜಿ,” ಎಂದರು ಮಾವ.

“ತಪ್ಪಲ್ರಿ, ಸುಳ್ಳ. ಈಗ ತಾಟ ಹೊಳ್ಳಿಸಿ ನೋಡ್ರಿ.”

ಹಿಂಬದಿಯಲ್ಲಿ ಅದೇ ಲಿಪಿಯ ಹೊಸ ಸಾಲು. ಆಜಿ ತಾವೇ ಬೆಳಗಾವಿಗೆ ಬಸ್ಸು ಹಿಡಿದು ಹೋಗಿ, ಯಂತ್ರದವನ ಪಕ್ಕ ಕೂತು ಕೊರೆಸಿದ್ದರಂತೆ. ಮಾವ ತಾಟನ್ನು ನನ್ನತ್ತ ತಳ್ಳಿದರು. ನಾನೇ ಬಲದಿಂದ ಒಂದೊಂದೇ ಗುರುತು ಕೂಡಿಸಿ ಓದಿದೆ: ‘ನಾನು ಮಾಲತಿಯ ತಾಟು. ಮೊದಲು ಸವಿತಾ ಉಣ್ಣಲಿ. ಮಾಸ್ತರ ಕಡೀಕ.’

ಹಾಗೆಯೇ ಆಯಿತು. ಆಜಿ ಸವಿತಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಾವೇ ಬಡಿಸಿದರು. ಅವಳು ಉಂಡು ಕೈ ತೊಳೆಯುವವರೆಗೆ ಮಾವನ ಪಾಲಿಗೆ ಶೇಂಗಾ ಹೋಳಿಗೆಯ ವಾಸನೆಯಷ್ಟೇ.

ಮದುವೆಗಳಿಗೆ ನಾನು ಈಗಲೂ ತಾಟನ್ನೇ ಕೊಡುತ್ತೇನೆ. ಹೆಸರು ಮಾತ್ರ ಹಾಕಿಸುವುದಿಲ್ಲ. ಲಿಪಿ ಯಾವುದಾದರೇನು, ಯಾರಾದರೊಬ್ಬರು ಓದಿಬಿಡುತ್ತಾರೆ.