ಬಿಳಿ ಅಂಗಿಯ ಮೇಲೆ ಬಿಳಿ ಅಕ್ಷರ

ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಫ್ಲೆಕ್ಸ್ ಅಂಗಡಿಯಲ್ಲಿ ಆಗ ನಾನು ಡಿಸೈನ್ ಮಾಡುತ್ತಿದ್ದೆ. ಹಾರನಹಳ್ಳಿ ಕಡೆಯವರೊಬ್ಬರು ಬಂದು, "ನಮ್ಮಪ್ಪ ಇವತ್ತೋ ನಾಳೆಯೋ ಅನ್ನೋ ಹಂಗವ್ರೆ. ಶ್ರದ್ಧಾಂಜಲಿ ಫ್ಲೆಕ್ಸ್ ರೆಡಿ ಮಾಡಿಟ್ಟಿರವ್ವ" ಎಂದು ಫೋಟೋ ಕೊಟ್ಟು ಹೋದರು. ಅದೇನು ಅವಸರವೋ! ಬದುಕಿರುವವರಿಗೆ ಇಂಥದ್ದು ಮಾಡಲು ಮನಸ್ಸಿರಲಿಲ್ಲ, ಆದರೂ ಮಾಡಿದೆ. ಹಾಳಾದ್ದು, ಫೋಟೋ ತುಂಬ ಬಿಳಿ ಅಂಗಿ. ಅಕ್ಷರವೂ ಬಿಳಿಯೇ ಇರಲಿ ಎಂದಿದ್ದರು. ಏನೂ ಕಾಣದೆ, ಅಕ್ಷರಗಳ ಸುತ್ತ ಕಪ್ಪು ಔಟ್‌ಲೈನ್ ಕೊಟ್ಟೆ.

ವಾರವಾದರೂ ಫೋನ್ ಬರಲಿಲ್ಲ. ಪ್ರಿಂಟಿಗೆ ಹಾಕಲೋ ಬೇಡವೋ ಎಂದು ಫೈಲ್ ತೆರೆದು ಕೂತಿದ್ದೆ. ಆಗಲೇ ಪಹಣಿ ಜೆರಾಕ್ಸ್ ಮಾಡಿಸಲು, ಕೋಲೂರಿಕೊಂಡು, ಫೋಟೋದಲ್ಲಿದ್ದ ಅದೇ ಮುದುಕರು ಒಳಗೆ ಬಂದರು.

"ಏನವ್ವಾ, ನನ್ ಫೋಟೋ ಇಲ್ಲೈತೆ!" ಎಂದು ಕಂಪ್ಯೂಟರಿನತ್ತ ಬಗ್ಗಿದವರು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸತೊಡಗಿದರು. "ಶ್ರ…"

ಬೇರೇನೂ ತೋಚದೆ ಕಪ್ಪು ಔಟ್‌ಲೈನಿನ ದಪ್ಪವನ್ನು ಸೊನ್ನೆಗೆ ಎಳೆದುಬಿಟ್ಟೆ. ಅಕ್ಷರಗಳೆಲ್ಲ ಬಿಳಿ ಅಂಗಿಯೊಳಗೆ ಕರಗಿಹೋದವು.

"ಇಲ್ಲೇನೋ ಬರ್ದಿತ್ತಲ್ಲವ್ವಾ?"

"ಇಲ್ಲ ತಾತ, ಇನ್ನೂ ಬರೆದಿಲ್ಲ" ಎಂದೆ.