ನಾನು ಪಾಸು ಮಾಡಿದ ರೆಕ್ಕೆ

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಕೊನೆಯ ಒಂಬತ್ತು ವರ್ಷ ಸೀನಿಯರ್ ಇನ್‌ಸ್ಪೆಕ್ಟರ್ ಆಗಿದ್ದೆ. ಲೇಥ್‌ನಿಂದ ಇಳಿದು ಬಂದ ಶಾಫ್ಟು, ಬುಷ್, ಗಿಯರ್ ಮುಂತಾದ ಯಂತ್ರದ ಬಿಡಿಭಾಗಗಳನ್ನು ಅಳೆದು ಪಾಸು ಅಥವಾ ರಿಜೆಕ್ಟ್ ಎಂದು ಚೀಟಿ ಹಚ್ಚುವುದು ನನ್ನ ಕೆಲಸ. ಆದರೆ ಆ ಮೂವತ್ತೊಂದು ವರ್ಷಗಳು ಕಲಿಸದಿದ್ದ ಒಂದು ಪಾಠವನ್ನು ಕಲಿಸಿದ ಪ್ರಕರಣ ನಡೆದದ್ದು ನಿವೃತ್ತನಾದ ಎರಡನೆಯ ವರ್ಷದಲ್ಲಿ. ಆಗ ನಾನು ಸಂಬಳವಿಲ್ಲದ ಒಂದು ಹುದ್ದೆಯಲ್ಲಿದ್ದೆ. ಇಂಟರ್‌ನೆಟ್ಟಿನ ಒಂದು ಗುಂಪಿಗೆ ಸುರಕ್ಷತಾ ಪರಿಶೀಲಕ.

ಅದು ದೊಡ್ಡ ಅಳತೆಯ ಮಾದರಿ ವಿಮಾನಗಳನ್ನು ಕಟ್ಟುವವರ ಗುಂಪು. ಬೆಳಗಾವಿ, ಗದಗ, ದಾವಣಗೆರೆ, ಮೈಸೂರು ಹೀಗೆ ಬೇರೆ ಬೇರೆ ಊರುಗಳ ನೂರೈವತ್ತರಷ್ಟು ಜನ ಅದರಲ್ಲಿದ್ದರು. ಮಾದರಿ ವಿಮಾನ ಎಂದರೆ ಮಕ್ಕಳ ಆಟಿಕೆ ಎಂದು ಬಹಳ ಜನ ತಿಳಿಯುತ್ತಾರೆ. ಇವು ನಿಜವಾದ ವಿಮಾನದ ಮೂರನೇ ಒಂದು, ನಾಲ್ಕನೇ ಒಂದು ಅಳತೆಯವು. ಪೆಟ್ರೋಲ್ ಎಂಜಿನ್ ಇರುತ್ತದೆ, ನೆಲದ ಮೇಲೆ ನಿಂತವರು ರೇಡಿಯೊ ರಿಮೋಟಿನಿಂದ ಹಾರಿಸುತ್ತಾರೆ. ಇಪ್ಪತ್ತು ಕಿಲೋ ತೂಕದ ವಸ್ತು ತಾಸಿಗೆ ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಜನರ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಗುಂಪು ಒಂದು ನಿಯಮ ಮಾಡಿಕೊಂಡಿತ್ತು: ಹದಿನೈದು ಕಿಲೋಗಿಂತ ಭಾರವಾದ ಯಾವ ವಿಮಾನವೂ ನನ್ನ ಸಹಿಯಿಲ್ಲದೆ ಹಾರಬಾರದು.

ಕಟ್ಟುವವರು ಪ್ರತಿ ಹಂತದ ಫೋಟೋಗಳನ್ನು ಗುಂಪಿನಲ್ಲಿ ಹಾಕುತ್ತಿದ್ದರು. ನಾನು ನೋಡಿ, ಸರಿಯಿದ್ದರೆ ‘ಮುಂದುವರಿಯಿರಿ’ ಎಂದು ಬರೆಯುತ್ತಿದ್ದೆ. ವಿಮಾನ ಪೂರ್ತಿಯಾದ ಮೇಲೆ ಹತ್ತಿರದ ಊರಾದರೆ ಸ್ವತಃ ಹೋಗಿ ನೋಡುತ್ತಿದ್ದೆ.

ಧಾರವಾಡದ ಕೆಲಗೇರಿಯ ಸುಮಂಗಲಾ ಈ ಗುಂಪಿನ ಅತ್ಯಂತ ಅಚ್ಚುಕಟ್ಟಿನ ಸದಸ್ಯೆ. ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ, ವಯಸ್ಸು ನಲವತ್ತೈದರ ಆಸುಪಾಸು. ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ಅವರು ಹಳೆಯ ಕಾಲದ ತರಬೇತಿ ವಿಮಾನವೊಂದನ್ನು ಮೂರನೇ ಒಂದರ ಅಳತೆಯಲ್ಲಿ ಕಟ್ಟತೊಡಗಿ ಎರಡೂವರೆ ವರ್ಷವಾಗಿತ್ತು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕು ಮೀಟರ್, ಒಟ್ಟು ತೂಕ ಇಪ್ಪತ್ತೆರಡು ಕಿಲೋ. ಆ ವರ್ಷದ ಗುಂಪಿನ ಸಮಾವೇಶ ಧಾರವಾಡದಲ್ಲಿ, ಅವರ ವಿಮಾನದ ಮೊದಲ ಹಾರಾಟದೊಂದಿಗೆ ಎಂದು ನಿಶ್ಚಯವಾಯಿತು. ಊರಾಚೆಯ ಒಂದು ಮೈದಾನ ಗೊತ್ತುಮಾಡಿ, ಬೇಕಾದ ಅನುಮತಿಗಳನ್ನು ಪಡೆದಿದ್ದೆವು. ನಲವತ್ತು ಜನ ರೈಲಿನ ಟಿಕೆಟ್ ಮಾಡಿಸಿದ್ದರು. ಹಾರಿಸುವವರು ರಫೀಕ್. ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವರು, ರಿಮೋಟ್ ಹಿಡಿದರೆ ಗುಂಪಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಸಮಾವೇಶಕ್ಕೆ ಎರಡು ವಾರ ಇರುವಾಗ ಒಂದು ರವಿವಾರ ಬೆಳಿಗ್ಗೆ ನಾನು ಪರಿಶೀಲನೆಗೆ ಹೋದೆ. ವಿಮಾನ ಪಡಸಾಲೆಯನ್ನೆಲ್ಲ ತುಂಬಿಕೊಂಡಿತ್ತು. ಬಟ್ಟೆ ಹೊದಿಸಿ ಹಳದಿ ಬಣ್ಣ ಬಳಿದಾಗಿತ್ತು. ಎಂಜಿನ್, ಬ್ಯಾಟರಿ, ರೇಡಿಯೊ, ಬಾಲದ ತಂತಿಗಳು ಎಲ್ಲವೂ ಸರಿಯಿದ್ದವು. ಉಳಿದದ್ದು ರೆಕ್ಕೆ. ರೆಕ್ಕೆಯ ಒಳಗೆ ಉದ್ದಕ್ಕೂ ಒಂದು ಮುಖ್ಯ ತೊಲೆ ಇರುತ್ತದೆ. ಅದಕ್ಕೆ ಸ್ಪಾರ್ ಎನ್ನುತ್ತೇವೆ. ವಿಮಾನದ ಭಾರವನ್ನೆಲ್ಲ ಗಾಳಿಯಲ್ಲಿ ಹೊರುವುದು ಅದೇ. ಎರಡು ಮೀಟರ್ ಉದ್ದದ ಒಳ್ಳೆಯ ಕಟ್ಟಿಗೆ ಸಿಗದ ಕಾರಣ ಟೀಚರ್ ಪ್ರತಿ ಸ್ಪಾರನ್ನೂ ಎರಡು ತುಂಡು ಓರೆಯಾಗಿ ಕೊಯ್ದು ಅಂಟಿಸಿ ಮಾಡಿದ್ದರು. ಈಗ ಅದು ಬಟ್ಟೆ, ಬಣ್ಣಗಳ ಒಳಗಿತ್ತು. ಬೆರಳ ಗೆಣ್ಣಿನಿಂದ ಬಡಿದು ಶಬ್ದ ಕೇಳುವುದೊಂದೇ ದಾರಿ.

ಬಲ ರೆಕ್ಕೆ ಉದ್ದಕ್ಕೂ ಒಂದೇ ಸಮನಾಗಿ ಟಣ್ ಟಣ್ ಎಂದಿತು. ಎಡ ರೆಕ್ಕೆಯಲ್ಲಿ ಜೋಡಣೆಯ ಜಾಗಕ್ಕೆ ಬಂದಾಗ ಶಬ್ದ ಮಂಕಾಯಿತು. ಮತ್ತೆ ಬಡಿದೆ. ಮತ್ತೆ ಮಂಕು.

“ಇಲ್ಲೇನೋ ಫರಕ್ ಐತ್ರಿ ಟೀಚರ್,” ಎಂದೆ.

“ಎಡದ್ದು ಆಮ್ಯಾಲೆ ಮಾಡಿದ್ದು ಸರ್. ಅದಕ್ಕ ಒಳಗ ಒಂದು ಪ್ಲೈವುಡ್ ಪಟ್ಟಿ ಹಚ್ಚೇನಿ, ಫೋಟೋ ತಗಿಯೂದು ಆಗಲಿಲ್ಲ. ಅದಕ್ಕ ಹಂಗ ಕೇಳಸ್ತದ.”

“ಇರಬಹುದು. ನನಗ ಕಾಣೂದಿಲ್ಲಲ್ಲ.”

ಕಾಣದ್ದಕ್ಕೆ ಸಹಿ ಹಾಕುವುದಿಲ್ಲ ಎನ್ನುವುದು ನನ್ನ ಹಳೆಯ ಹಟ. ಲೋಡ್ ಟೆಸ್ಟ್ ಆಗಬೇಕು ಎಂದೆ. ಹಾರುವಾಗ ಗಾಳಿ ಕೆಳಗಿನಿಂದ ಒತ್ತುವುದರಿಂದ ರೆಕ್ಕೆಯನ್ನು ಬಿಚ್ಚಿ ತಲೆಕೆಳಗಾಗಿ ಮಾಡಿ, ಬುಡವನ್ನು ಗಟ್ಟಿಯಾಗಿ ಬಿಗಿದು, ಮೇಲೆ ಮರಳಿನ ಚೀಲಗಳನ್ನು ಒಂದೊಂದಾಗಿ ಇಡುತ್ತ ಹೋಗುವುದು. ವಿಮಾನದ ತೂಕದ ನಾಲ್ಕು ಪಟ್ಟು ತಡೆಯಬೇಕು. ಅಂದರೆ ಒಂದು ಬದಿಯ ರೆಕ್ಕೆಗೆ ನಲವತ್ತನಾಲ್ಕು ಕಿಲೋ, ಎರಡು ಕಿಲೋದ ಇಪ್ಪತ್ತೆರಡು ಚೀಲ. ತಡೆಯದಿದ್ದರೆ ರೆಕ್ಕೆ ಮುರಿಯುತ್ತದೆ, ಎರಡೂವರೆ ವರ್ಷದ ಕೆಲಸದಲ್ಲಿ ಅರ್ಧ ಹೋಗುತ್ತದೆ.

ಟೀಚರ್ ಬಲ ರೆಕ್ಕೆಯ ಕಡೆ ತಿರುಗಿ ನೋಡಿದರು. ಆಮೇಲೆ, “ಬಲದ್ದು?” ಎಂದರು.

“ಅದು ಬ್ಯಾಡ್ರಿ. ಅದು ಸರಿ ಐತಿ. ಅದರ ಜೋಡಣಿ ಫೋಟೋದಾಗ ನೋಡಿ ನಾನ ಪಾಸ್ ಮಾಡೇನಿ.”

“ಮಾಡೂದಾದ್ರ ಎರಡೂ ಮಾಡ್ರಿ. ಎರಡೂ ನನ್ನ ಕೈಲೆ ಆದದ್ದು. ಒಂದರ ಮ್ಯಾಲೆ ಅನುಮಾನ, ಒಂದರ ಮ್ಯಾಲೆ ವಿಶ್ವಾಸ ಯಾಕ್ರಿ?”

ಅದು ಸಿಟ್ಟಿನ ಮಾತು ಎಂದು ಆಗ ಅನ್ನಿಸಿತು. ಸಿಟ್ಟಿನಲ್ಲಿದ್ದವರೊಂದಿಗೆ ವಾದ ಬೇಡವೆಂದು ಒಪ್ಪಿಕೊಂಡೆ. ನನ್ನ ಒಪ್ಪಿಗೆಯಲ್ಲಿ ಅದಕ್ಕಿಂತ ಹೆಚ್ಚಿನ ವಿವೇಕವೇನೂ ಇರಲಿಲ್ಲ.

ಮುಂದಿನ ರವಿವಾರ ಟೀಚರ ಮನೆಯ ಅಂಗಳದಲ್ಲಿ ಟೆಸ್ಟ್ ಇಟ್ಟುಕೊಂಡೆವು. ರಫೀಕ್ ಹುಬ್ಬಳ್ಳಿಯಿಂದ ಕಬ್ಬಿಣದ ಸ್ಟ್ಯಾಂಡ್ ತಂದರು. ಒಂದು ಮೊಬೈಲನ್ನು ಕಿಟಕಿಯಲ್ಲಿಟ್ಟು ಗುಂಪಿನವರಿಗೆಲ್ಲ ಲೈವ್ ಹಾಕಿದರು. ಮರಳಿನ ಚೀಲಗಳನ್ನು ಹೊಲಿದದ್ದು ಟೀಚರ ಅತ್ತೆ, ಹಳೆಯ ಇಳಕಲ್ ಸೀರೆಯೊಂದನ್ನು ಕತ್ತರಿಸಿ. “ಇಷ್ಟು ದಿವಸ ಕುಂತು ಕಟ್ಯಾಳ. ಈಗ ಅದನ್ನ ಮುರ್ಯಾಕ ನಾನ ಚೀಲಾ ಹೊಲದು ಕೊಟ್ಟೇನಿ ನೋಡ್ರಿ,” ಎಂದು ನನಗೆ ಚಹಾ ಕೊಡುತ್ತ ಹೇಳಿದರು. ಹೇಳಿದ ರೀತಿಯಲ್ಲಿ ನಗೆ ಇರಲಿಲ್ಲ.

ಮೊದಲು ಎಡ ರೆಕ್ಕೆ. ನಾನು ಚೀಲ ಇಡುತ್ತಿದ್ದೆ, ರಫೀಕ್ ತುದಿ ಎಷ್ಟು ಬಾಗಿತೆಂದು ಸ್ಕೇಲಿನಿಂದ ಅಳೆದು ಹೇಳುತ್ತಿದ್ದರು, ಟೀಚರ್ ಬರೆದುಕೊಳ್ಳುತ್ತಿದ್ದರು. ಹತ್ತು ಚೀಲಕ್ಕೆ ಇಪ್ಪತ್ತೇಳು ಮಿಲಿಮೀಟರ್. ಹದಿನೈದು, ಇಪ್ಪತ್ತು. ಇಪ್ಪತ್ತೆರಡಕ್ಕೆ ಅರವತ್ತೆರಡು ಮಿಲಿಮೀಟರ್. ಐದು ನಿಮಿಷ ಹಾಗೆಯೇ ಬಿಟ್ಟೆವು. ಚೀಲ ತೆಗೆದಾಗ ರೆಕ್ಕೆ ಮೊದಲಿನ ಜಾಗಕ್ಕೇ ಬಂತು. ನನ್ನ ಅನುಮಾನ ತಪ್ಪಾಗಿತ್ತು. ಕಿಟಕಿಯಲ್ಲಿದ್ದ ಮೊಬೈಲಿನಿಂದ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

“ಇನ್ನೊಂದು ಸುಮ್ನ ಹಾಕಿಬಿಡೋಣ ಕಾಕಾ, ಲಗೂ ಮುಗಿತದ,” ಎಂದರು ರಫೀಕ್.

ಬಲ ರೆಕ್ಕೆಯನ್ನು ಬಿಗಿದೆವು. ಈಗ ಯಾರಿಗೂ ಆತಂಕವಿರಲಿಲ್ಲ. ನಾನು ಎರಡೆರಡು ಚೀಲ ಒಟ್ಟಿಗೆ ಇಡತೊಡಗಿದೆ. ಹದಿನಾರರವರೆಗೆ ಎಡದ್ದಕ್ಕೂ ಇದಕ್ಕೂ ಎರಡು ಮಿಲಿಮೀಟರ್ ವ್ಯತ್ಯಾಸವೂ ಇರಲಿಲ್ಲ. ಹದಿನೇಳನೆಯ ಚೀಲ ಇಟ್ಟು, ಅದರ ಜೊತೆಯದು ಇನ್ನೂ ಇನ್ನೊಂದು ಕೈಯಲ್ಲಿರುವಾಗಲೇ ಒಣ ಕಟ್ಟಿಗೆ ಮುರಿದಂಥ ಶಬ್ದವಾಯಿತು. ರೆಕ್ಕೆ ನಡುವಿನಲ್ಲಿ ಮಡಚಿಕೊಂಡು, ಚೀಲಗಳೆಲ್ಲ ಜಾರಿ ಅಂಗಳಕ್ಕೆ ಬಿದ್ದವು. ಎರಡು ಚೀಲ ಒಡೆದು ಮರಳು ಚೆಲ್ಲಿತು.

ಟೀಚರ್ ಪೆನ್ನು ಹಿಡಿದು ನಿಂತೇ ಇದ್ದರು. ಆಮೇಲೆ ಪುಸ್ತಕದಲ್ಲಿ ಹದಿನೇಳು ಎಂದು ಬರೆದರು.

ಬಟ್ಟೆ ಹರಿದು ಒಳಗೆ ನೋಡಿದೆವು. ಓರೆ ಜೋಡಣೆ ಬಿಟ್ಟುಕೊಂಡಿತ್ತು. ಕಟ್ಟಿಗೆ ಎಲ್ಲಿಯೂ ಸೀಳಿರಲಿಲ್ಲ, ಅಂಟು ಮಾತ್ರ ಹಾಳೆಯಂತೆ ಎದ್ದು ಬಂದಿತ್ತು. ಮಳೆಗಾಲದಲ್ಲಿ ಅಂಟಿಸಿದ್ದು, ಕಟ್ಟಿಗೆಯಲ್ಲಿ ಪಸೆ ಇತ್ತು. ಅಂಟು ಮೇಲೆ ಕೂತಿತ್ತು, ಒಳಗೆ ಇಳಿದಿರಲಿಲ್ಲ. ಬಡಿದಾಗ ಶಬ್ದ ಸರಿಯಾಗಿ ಬಂದದ್ದು ಎರಡು ತುಂಡುಗಳು ಬಿಗಿಯಾಗಿ ಕೂತಿದ್ದರಿಂದ, ಅಂಟು ಹಿಡಿದುಕೊಂಡಿದ್ದರಿಂದ ಅಲ್ಲ.

ರಫೀಕ್ ಮುರಿದ ತುದಿಯನ್ನು ಕೈಯಲ್ಲಿ ಹಿಡಿದು ಹೇಳಿದರು: “ನಾ ಲೂಪ್ ಹಾಕಾಂವ ಇದ್ದೆ ಕಾಕಾ. ಕೆಳಗಿಂದ ಎತ್ತೂ ಮುಂದ ಮೂರು ಪಟ್ಟು ಭಾರ ಬಂದ ಬರ್ತದ. ಮುಂದ ಜನ ನಿಂತಿರ್ತಿದ್ರು.”

ಲೂಪ್ ಎಂದರೆ ವಿಮಾನ ಮೇಲಕ್ಕೆದ್ದು ತಲೆಕೆಳಗಾಗಿ ಗಾಳಿಯಲ್ಲಿ ಒಂದು ಪೂರ್ತಿ ಸುತ್ತು ಹಾಕುವುದು. ಹದಿನೇಳು ಚೀಲವೆಂದರೆ ಮೂರು ಪಟ್ಟಿಗಿಂತ ಚೂರು ಹೆಚ್ಚು. ಸುತ್ತು ಚೂರು ಬಿಗಿಯಾಗಿದ್ದರೂ ರೆಕ್ಕೆ ಗಾಳಿಯಲ್ಲೇ ಮುರಿಯುತ್ತಿತ್ತು.

ಆ ಸಂಜೆ ಗುಂಪಿನಲ್ಲಿ ವರದಿ ಹಾಕಿದೆ. ಎರಡೇ ಸಾಲು ಬರೆದೆ: ‘ನಾನು ಸಂಶಯಪಟ್ಟ ರೆಕ್ಕೆ ಪಾಸಾಗಿದೆ. ನಾನು ಪಾಸು ಮಾಡಿದ್ದ ರೆಕ್ಕೆ ಮುರಿದಿದೆ.’ ಕೆಳಗೆ ಒಂದೂವರೆ ವರ್ಷದ ಹಿಂದಿನ ಮಳೆಗಾಲದಲ್ಲಿ ಬಂದಿದ್ದ ಆ ಜೋಡಣೆಯ ಫೋಟೋವನ್ನೂ, ಅದರಡಿ ನಾನೇ ಬರೆದಿದ್ದ ‘ಮುಂದುವರಿಯಿರಿ’ ಎಂಬ ಮಾತನ್ನೂ ಸೇರಿಸಿದೆ. ಕೆಲವರು ಸಮಾಧಾನ ಹೇಳಿದರು. ಕೆಲವರು, ಇಷ್ಟು ಕಠಿಣ ಪರೀಕ್ಷೆ ಬೇಕಿರಲಿಲ್ಲ, ಸುಮ್ಮನೆ ನೇರವಾಗಿ ಹಾರಿಸಿದ್ದರೆ ಏನೂ ಆಗುತ್ತಿರಲಿಲ್ಲ, ಒಬ್ಬರ ಶ್ರಮ ಹಾಳಾಯಿತು ಎಂದು ಬರೆದರು. ವಾದ ಎರಡು ದಿನ ನಡೆಯಿತು. ಮೂರನೆಯ ದಿನ ಟೀಚರ್ ಒಂದೇ ಸಾಲು ಬರೆದು ಅದನ್ನು ನಿಲ್ಲಿಸಿದರು: ‘ಮುರಿದದ್ದು ನಂದು. ಮುರಿದದ್ದು ಛಲೋ ಆತು ಅಂತ ಹೇಳೂ ಹಕ್ಕೂ ನಂದ.’

ಅದೇ ದಿನ ಅವರ ಮನೆಗೆ ಹೋದೆ. ಹೇಳಬೇಕಾದದ್ದನ್ನು ಬಾಗಿಲಲ್ಲೇ ಹೇಳಿಬಿಡಬೇಕು ಎಂದುಕೊಂಡಿದ್ದೆ.

“ಟೀಚರ್, ಆ ಜೋಡಣಿ ಪಾಸ್ ಮಾಡಿದಾಂವ ನಾನು. ಅಂಟಸೂ ಮುಂದ ಕಟಗಿ ಒಣಗಿತ್ತೇನು ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ನಿಮ್ಮ ಕೆಲಸ ಅಂದ ಕೂಡ್ಲೆ ಸರಿನ ಇರ್ತದ ಅಂದೆ.”

“ಒಳಗ ಬರ್ರಿ ಸರ್,” ಎಂದರು. ಕೂತ ಮೇಲೆ ಹೇಳಿದರು: “ಆ ಫೋಟೋ ತಗದಾಕಿ ನಾನು. ಒಂದು ಬಾಜೂ ಅಂಟು ಪಸಿ ಹಿಡದು ಸ್ವಲ್ಪ ಬೆಳ್ಳಗ ಆಗಿತ್ರಿ. ಛಲೋ ಕಾಣೂ ಬಾಜೂಲಿಂದ ತಗದು ಹಾಕಿದೆ. ಇದು ನಾ ಯಾರಿಗೂ ಹೇಳಿಲ್ಲ. ಅದಕ್ಕ ಎರಡೂ ಮಾಡ್ರಿ ಅಂದೆ.”

ಅಂದು ಸಿಟ್ಟಿನ ಮಾತೆಂದು ನಾನು ತಿಳಿದದ್ದು ಒಂದೂವರೆ ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಅಳುಕು ಎಂದು ಆಗ ಗೊತ್ತಾಯಿತು. ಇಬ್ಬರೂ ಮುರಿದ ರೆಕ್ಕೆಯನ್ನು ಮೇಜಿನ ಮೇಲಿಟ್ಟು, ಸ್ಪಾರಿಗೆ ಅಡ್ಡಲಾಗಿ ಕೂತು ರೆಕ್ಕೆಗೆ ಆಕಾರ ಕೊಡುವ ಪಕ್ಕೆಗಳಲ್ಲಿ ಉಳಿಸಬಹುದಾದವು ಎಷ್ಟು ಎಂದು ಎಣಿಸಲು ಕೂತೆವು. ಹದಿನಾರರಲ್ಲಿ ಏಳು ಉಳಿದಿದ್ದವು.

ಸಮಾವೇಶ ರದ್ದಾಗಲಿಲ್ಲ. ಟಿಕೆಟ್ ಮಾಡಿಸಿದವರಲ್ಲಿ ಮೂವತ್ತೆರಡು ಜನ ಬಂದರು. ಅಲ್ಲಿಯವರೆಗೆ ಪರದೆಯ ಮೇಲೆ ಬರೀ ಹೆಸರುಗಳಾಗಿದ್ದವರು ಟೀಚರ ಅಂಗಳದಲ್ಲಿ ಸಾಲಾಗಿ ಕೂತು, ಮನೆಯಿಂದ ತಂದ ಸಣ್ಣ ಗರಗಸಗಳಿಂದ ಪಕ್ಕೆ ಕೊಯ್ದರು. ಅತ್ತೆಯವರು ಎಲ್ಲರಿಗೂ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿಸಿದ್ದರು. ಸಂಜೆಯೊಳಗೆ ಒಂಬತ್ತು ಹೊಸ ಪಕ್ಕೆಗಳು ಸಿದ್ಧವಾದವು. ಸ್ಪಾರನ್ನು ಮಾತ್ರ ಟೀಚರ್ ಯಾರಿಗೂ ಕೊಡಲಿಲ್ಲ. ಕಟ್ಟಿಗೆಯನ್ನು ಮೂರು ವಾರ ಒಣಗಿಸಿ, ಎಡದ್ದಕ್ಕಿದ್ದಂತೆ ಒಳಗೆ ಪ್ಲೈವುಡ್ ಪಟ್ಟಿ ಹಚ್ಚಿ, ಜೋಡಣೆಯನ್ನು ನಾಲ್ಕೂ ಬದಿಯಿಂದ ಫೋಟೋ ತೆಗೆದು ಹಾಕಿದರು.

ಎರಡು ತಿಂಗಳ ನಂತರ ಎರಡೂ ರೆಕ್ಕೆಗಳಿಗೆ ಮತ್ತೆ ಇಪ್ಪತ್ತೆರಡು ಚೀಲ ಇಟ್ಟೆವು. ಈ ಸಲ ಒಂದೊಂದಾಗಿಯೇ ಇಟ್ಟೆ. ಎರಡೂ ತಡೆದವು, ಸಹಿ ಹಾಕಿದೆ. ಮರುವಾರ ಅದೇ ಮೈದಾನದಲ್ಲಿ ವಿಮಾನ ಎಂಟು ನಿಮಿಷ ಹಾರಿತು. ರಫೀಕ್ ಟೀಚರ ಮುಖ ನೋಡಿದರು, ಅವರು ತಲೆಯಾಡಿಸಿದ ಮೇಲೆ ಒಂದು ಲೂಪ್ ಹಾಕಿದರು. ಇಳಿಯುವಾಗ ಎರಡು ಬಾರಿ ಪುಟಿದು, ಹುಲ್ಲಿನ ಮೇಲೆ ಓಡಿ ನಿಂತಿತು. ಅತ್ತೆಯವರು ಹತ್ತಿರ ಹೋಗಿ ಬಲ ರೆಕ್ಕೆಯ ಮೇಲೆ ಕೈಯಾಡಿಸಿದರು.

ಈ ಪ್ರಕರಣದ ನಂತರ ನಾನು ಪರಿಶೀಲನೆಯ ಕ್ರಮ ಬದಲಿಸಿದೆ. ಅನುಮಾನ ಬಂದದ್ದನ್ನು ಪರೀಕ್ಷಿಸುವುದು ಸುಲಭ, ಅದನ್ನು ಯಾರಾದರೂ ಮಾಡುತ್ತಾರೆ. ಅನುಮಾನವೇ ಬಾರದ ವಸ್ತುವನ್ನು ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸಬೇಕು, ಆ ಕೆಲಸಕ್ಕಾಗಿಯೇ ಇನ್‌ಸ್ಪೆಕ್ಟರ್ ಎಂಬವನೊಬ್ಬ ಬೇಕಾಗುತ್ತಾನೆ. ಇದನ್ನು ತಿಳಿಯಲು ನನಗೆ ನಿವೃತ್ತಿಯ ನಂತರದ ಎರಡು ವರ್ಷವೂ ಬೇಕಾಯಿತು. ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸಗಾರರೆಂದು ಹೆಸರಾದ ನಾಲ್ಕೈದು ಜನರಿದ್ದರು. ಅವರ ಟ್ರೇ ಬಂದರೆ ನಾನು ಮೇಲಿನ ಎರಡು ಭಾಗಗಳನ್ನು ಅಳೆದು ಉಳಿದದ್ದಕ್ಕೆಲ್ಲ ಪಾಸು ಚೀಟಿ ಹಚ್ಚುತ್ತಿದ್ದೆ. ಅವುಗಳಲ್ಲಿ ಎಷ್ಟು ನಿಜವಾಗಿ ಸರಿಯಿದ್ದವು, ಈಗ ಎಲ್ಲೆಲ್ಲಿ ಯಾವ ಯಂತ್ರದೊಳಗೆ ತಿರುಗುತ್ತಿವೆ ಎಂಬುದು ನನಗೆ ತಿಳಿಯದು. ತಿಳಿಯುವ ದಾರಿಯೂ ಇಲ್ಲ.