ಅಡಿಯ ಬುಟ್ಟಿ ಮೊದಲು

ಹೊನ್ನಾವರ ಬಂದರಿನ ಹತ್ತಿರ ಒಣಮೀನು ವ್ಯಾಪಾರ ಮಾಡುತ್ತಿದ್ದ ಈರಮ್ಮನಿಗೆ ಮಳೆಗಾಲಕ್ಕೆ ಮೊದಲೇ ಮೀನಿಡುವ ಕೋಣೆ ಸೂರು ಮುಟ್ಟುವಷ್ಟು ತುಂಬಿರಬೇಕಿತ್ತು. ತುಂಬಿದ ಕೋಣೆಯೇ ಅವಳ ಧೈರ್ಯ. ಸೊಸೆ ದುರ್ಗಿ ಬುಟ್ಟಿ ಹೊತ್ತು ಗೇರುಸೊಪ್ಪೆಯವರೆಗೂ ಬಸ್ಸಿನಲ್ಲಿ ಹೋಗಿ ಮಾರಿ ಬರುತ್ತಿದ್ದಳು. ಇಷ್ಟು ದುಡಿದರೂ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

೧೯೭೮ರ ಆಷಾಢದಲ್ಲಿ ಅಡಿಯ ಬುಟ್ಟಿಗಳನ್ನು ಎಳೆದು ನೋಡಿದರೆ ಒಣಸಿಗಡಿಗೆಲ್ಲ ಹುಳ ಬಿದ್ದಿತ್ತು. ಏಳು ಬುಟ್ಟಿ ಸಿಗಡಿಯನ್ನು ಹೊಳೆಗೆ ಸುರಿದು ಬಂದ ದುರ್ಗಿ ಹೊಸಿಲಲ್ಲೇ ಕೂತು ಅತ್ತಳು.

"ಮಳೆ ತಂಡಿಗೆ ಎಂತ ಮಾಡೂಕಾತದೆ?" ಎಂದಳು ಈರಮ್ಮ.

"ತಂಡಿಯಿಂದ ಅಲ್ಲ ಅತ್ತೆ. ಹೊಸದನ್ನ ಮೇಲೆ ಇಡ್ತೇವೆ, ಮೇಲಿಂದನ್ನೇ ಮಾರ್ತೇವೆ. ಅಡಿಂದು ಹೋದ ವರ್ಷದ್ದು."

ವಾರಕ್ಕೆ ಎಷ್ಟು ಮೀನು ಖರ್ಚಾಗುತ್ತದೆ ಎಂಬುದು ತಿರುಗಿ ಮಾರುವ ದುರ್ಗಿಗೆ ಚೆನ್ನಾಗಿ ಗೊತ್ತಿತ್ತು. ಮರುವರ್ಷ ಅವಳು ಅಷ್ಟಕ್ಕೆ ತಕ್ಕಂತೆ, ಹಿಂದಿನ ಅರ್ಧದಷ್ಟೇ ಕೊಂಡಳು. ಬುಟ್ಟಿಗಳನ್ನು ಪೇರಿಸದೆ ಹಲಗೆಯ ಮೇಲೆ ಸಾಲಾಗಿಟ್ಟು, ಕೊಂಡ ತಿಂಗಳ ಗುರುತಿಗೆ ಒಂದೊಂದು ಬಣ್ಣದ ಚಿಂದಿ ಕಟ್ಟಿ, ಹಳೆಯದನ್ನೇ ಮೊದಲು ಪೇಟೆಗೆ ಒಯ್ದಳು. ಬರಿದಾದ ಗೋಡೆ ಕಂಡು ಈರಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

"ಮನೆ ಮುಳುಗಿಸ್ತೀಯೆ ನೀನು" ಎಂದು ಗೊಣಗಿದಳು.

ಆ ಮಳೆಗಾಲ ಒಂದು ಬುಟ್ಟಿಯೂ ಹಾಳಾಗಲಿಲ್ಲ. ಉಳಿದ ಲಾಭದಲ್ಲಿ, ವರ್ಷಗಳಿಂದ ಸೋರುತ್ತಿದ್ದ ಅಡುಗೆಮನೆಗೆ ಹಂಚು ಹೊದಿಸಿದರು.

"ಇದನ್ನ ಮೊದಲೇ ಹೇಳೂಕೆ ಎಂತ ಆಗಿತ್ತು ನಿಂಗೆ?" ಎಂದು ಈರಮ್ಮ ಸೊಸೆಯನ್ನು ಗದರಿದಳು. ದನಿಯಲ್ಲಿ ಮಾತ್ರ ಸಿಟ್ಟಿರಲಿಲ್ಲ.